ಒಂದು ಏಟಿಗೆ ಒಂದು ಕೆಲಸ

ನಮ್ಮೂರಿನಲ್ಲಿ ಅಮಾವಾಸ್ಯೆಯ ಹಿಂದಿನ ದಿನ ಚಾವಡಿಯ ಮೆಟ್ಟಿಲ ಮೇಲೆ ಒಂದು ಮಂಕರಿ ಹಸಿಮಣ್ಣು ಬಂದು ಕೂತಿರುತ್ತದೆ. ತಂದಿಟ್ಟವರನ್ನು ಯಾರೂ ನೋಡಿಲ್ಲ. ನೋಡಲೇಬೇಕೆಂದು ಕಾದು ಕೂತವರೂ ಇಲ್ಲ; ಅಷ್ಟು ಪುರುಸೊತ್ತು ನಮ್ಮಲ್ಲಿ ಯಾರಿಗಿದೆ? ಸಂಜೆ ದೀಪ ಹಚ್ಚುವುದರೊಳಗೆ ಆ ಮಣ್ಣನ್ನು ಪೂರ್ತಿ ಬಳಸಿ ಚಾವಡಿಯ ಕಲ್ಲುಮೇಜಿನ ಮೇಲೆ ಮೃಗ ಮಾಡಿಡಬೇಕು. ಒಂದು ಹಿಡಿ ಉಳಿಸಿದರೂ ಅದು ತನಗೆ ತೋಚಿದ್ದು ಆಗಿ ಎದ್ದು ಬರುತ್ತದೆ. ಮೇಜಿನ ಮೇಲೆ ಗೇಣುದ್ದ ಇದ್ದದ್ದು ಮಾರನೆಯ ಬೆಳಿಗ್ಗೆ ಪೇಟೆಬೀದಿಯ ತುದಿಯಲ್ಲಿ ಮನೆಯೆತ್ತರ ನಿಂತಿರುತ್ತದೆ. ಸರದಿ ಬಂದ ಮೂವರು ಬಿದಿರಿನ ಗಳ ಹಿಡಿದು ಅದರ ಎದುರು ನಿಲ್ಲಬೇಕು. ಮಿಕ್ಕವರು ಅಂಗಡಿ ಬಾಗಿಲು ಅರ್ಧ ಎಳೆದುಕೊಂಡು ಜಗಲಿಯಿಂದ ನೋಡುತ್ತಾರೆ. ಬೇರೆ ಊರಿನವರಿಗೆ ಇದು ವಿಚಿತ್ರ ಅನ್ನಿಸಬಹುದು. ನಮಗೆ ಕರೆಂಟು ಹೋಗುವುದಕ್ಕಿಂತ ದೊಡ್ಡ ವಿಷಯವೇನಲ್ಲ.

ಮೃಗ ಮಾಡಿದವರೇ ತಮಟೆಯನ್ನೂ ಹೊಡೆಯಬೇಕು. ಒಂದು ಏಟು ಬಿದ್ದರೆ ಬೀದಿಗಿಳಿದ ಪ್ರತಿ ಜೀವಕ್ಕೂ ಒಂದೇ ಒಂದು ಕೆಲಸ. ಒಂದು ಹೆಜ್ಜೆ ಇಡಬಹುದು, ಇಲ್ಲವೇ ಒಂದು ಸಲ ಗಳ ಬೀಸಬಹುದು, ಇಲ್ಲವೇ ಬಗ್ಗಬಹುದು. ಆಮೇಲೆ ಮುಂದಿನ ಏಟಿನ ತನಕ ಮನುಷ್ಯನೂ ಮೃಗವೂ ನಿಂತಲ್ಲೇ ನಿಂತಿರಬೇಕು. ಮೂಗಿನ ಮೇಲೆ ನೊಣ ಕೂತರೂ ಓಡಿಸುವ ಹಾಗಿಲ್ಲ, ಕೈ ಏಳುವುದೇ ಇಲ್ಲ. ನಾನು ಮೊದಲ ಸಲ ನಿಂತಾಗ ಹಾಗೊಂದು ನೊಣ ಕೂತಿತ್ತು. ಮೃಗಕ್ಕಿಂತ ಅದೇ ನನಗೆ ಇಂದಿಗೂ ಚೆನ್ನಾಗಿ ನೆನಪಿದೆ.

ಮೃಗ ತಾನಾಗಿ ಮುಟ್ಟಿದ ಅಂಗ ಮಣ್ಣಾಗುತ್ತದೆ; ನಾವಾಗಿ ಅದನ್ನು ಮುಟ್ಟಿದರೆ ಏನೂ ಆಗದು. ಮೂವರಿಗೂ ಮುಟ್ಟಿತೆಂದರೆ ಸೋತ ಹಾಗೆ, ಮೃಗ ಬಂದ ದಾರಿಯಲ್ಲಿ ಹೊರಟುಹೋಗುತ್ತದೆ. ಸೋತವರು ಮುಂದಿನ ಅಮಾವಾಸ್ಯೆಗೆ ಇನ್ನೊಂದು ಸಲ ನಿಲ್ಲಬಹುದು. ಆಗ ಮೃಗ ಬಿದ್ದರೆ ಅದರ ಹಸಿಮಣ್ಣು ಮೆತ್ತಿಕೊಂಡು ಅಂಗ ವಾಪಸು ಪಡೆಯಬಹುದು. ಆದರೆ ಆ ಸಲ ಮೂವರಲ್ಲಿ ಒಬ್ಬರಿಗೆ ಮುಟ್ಟಿದರೂ ಮುಗಿಯಿತು, ಮೂವರ ಅಂಗವೂ ಜೀವಮಾನವಿಡೀ ಮಣ್ಣೇ. ಇಷ್ಟಾದ ಮೇಲೆ ಸುಮ್ಮನೆ ಒಂದು ಸಾಧುಪ್ರಾಣಿ ಮಾಡಿಟ್ಟರಾಯಿತಲ್ಲ ಎಂದು ನೀವು ಕೇಳಬಹುದು. ನಮ್ಮ ಚಾವಡಿಯ ಯಜಮಾನರಾದ ಗುರುಶಾಂತಪ್ಪನವರ ತಂದೆಗೂ ಹಿಂದೆ ಹಾಗೇ ಅನ್ನಿಸಿತ್ತಂತೆ. ಅವರು ಇಡೀ ಮಂಕರಿಯಲ್ಲಿ ಒಂದು ಮೊಲ ಮಾಡಿದರು. ಮನೆಯೆತ್ತರದ ಮೊಲ ಬೀದಿಯಲ್ಲಿ ಕೂತು ಕಿವಿ ಕೆರೆದುಕೊಂಡಿತು. ಮೂವರೂ ಹೋಗಿ ತಳ್ಳಿದ್ದಕ್ಕೆ ಮಗುಚಿ ಬಿದ್ದು ಒಣಪುಡಿಯಾಯಿತು. ಆ ಪುಡಿ ಯಾರ ಅಂಗಕ್ಕೂ ಹತ್ತಲಿಲ್ಲ. ಊರಿನವರ ಉಪ್ಪಿಟ್ಟಿಗೆಲ್ಲ ಬಿತ್ತು. ನಿಜವಾಗಿ ಹೋರಾಡಿ ಬಿದ್ದ ಮೃಗದ ಮಣ್ಣು ಮಾತ್ರ ಹಸಿಯಾಗಿ ಉಳಿಯುತ್ತದೆ. ಅತಿ ಸುಲಭವಾದರೂ ನಷ್ಟ, ಅತಿ ಕಷ್ಟವಾದರೂ ನಷ್ಟ. ಇವೆರಡರ ನಡುವಿನದನ್ನು ಹುಡುಕುವುದೇ ಮೃಗ ಮಾಡುವವರ ಕೆಲಸ.

ಬಹಳ ಕಾಲ ಆ ಕೆಲಸ ಮಾಡಿದವರು ರಂಗನಾಯಕಮ್ಮ. ಪ್ರತಿ ಸಲವೂ ಅವರದು ಒಂದೇ ಕೋಣ. ಕಣ್ಣು ಮಂಜಾದ ಮೇಲೆ ಅವರು ಕೆಲಸವನ್ನು ಅಣ್ಣನ ಮಗಳು ಇಂದುಮತಿಗೆ ಬಿಟ್ಟರು. ಹುಡುಗಿಗೆ ಇಪ್ಪತ್ತೈದು ದಾಟಿತ್ತು, ಮಿತಭಾಷಿ, ಯೋಚನೆ ಮಾಡುವಾಗ ಕೆಳತುಟಿ ಕಚ್ಚುವ ಅಭ್ಯಾಸ. ಅವಳ ಮೊದಲನೆಯ ಅಮಾವಾಸ್ಯೆಗೇ ನಮ್ಮ ಸರದಿ ಬಿತ್ತು. ನಾನು ಸೈಕಲ್ ಶಾಪಿನ ಪಂಚಾಕ್ಷರಿ, ಎದುರು ಸಾಲಿನ ದರ್ಜಿ ಹಯಾತ್ ಸಾಬರು, ಮೂಲೆ ಹೋಟೆಲಿನ ಕೆಂಪಕ್ಕ. ನಾವು ಮೂವರೂ ಐವತ್ತರ ಆಚೀಚೆಯವರು. ನಮ್ಮನ್ನು ನೋಡಿ ಹುಡುಗಿಗೆ ಪಾಪ ಅನ್ನಿಸಿತೋ ಏನೋ. ಇಷ್ಟು ದೊಡ್ಡ ಕೋಣ ಗುದ್ದಿದರೆ ಇವರು ತಡೆಯುವುದಿಲ್ಲ, ಅಷ್ಟೇ ಮಣ್ಣನ್ನು ಆರು ಪಾಲು ಮಾಡಿದರೆ ಪೆಟ್ಟೂ ಆರನೇ ಒಂದು ಪಾಲಾಗುತ್ತದೆ ಎಂದು ಲೆಕ್ಕ ಹಾಕಿ ಆರು ನಾಯಿ ಮಾಡಿದಳು. ಮೇಜಿನ ಮೇಲೆ ಅವು ಮುದ್ದಾಗಿಯೇ ಇದ್ದವು.

ಬೆಳಿಗ್ಗೆ ಮೊದಲ ಏಟು ಬಿದ್ದಾಗಲೇ ಲೆಕ್ಕ ತಪ್ಪಿದ್ದು ನನಗೆ ಗೊತ್ತಾಯಿತು. ಒಂದು ಏಟಿಗೆ ನಮ್ಮದು ಮೂರು ಕೆಲಸ, ನಾಯಿಗಳದ್ದು ಆರು. ನಾನು ಒಂದರ ಕಡೆ ಗಳ ಬೀಸುವಷ್ಟರಲ್ಲಿ ಇನ್ನೊಂದು ಬೆನ್ನ ಹಿಂದೆ ಬಂದಿರುತ್ತಿತ್ತು. ಇಂದುಮತಿ ಮಣ್ಣನ್ನು ತೂಗಿದ್ದಳೇ ಹೊರತು ಬಾಯಿಗಳನ್ನು ಎಣಿಸಿರಲಿಲ್ಲ. ಇಷ್ಟು ವರ್ಷ ಕೋಣ ಒಂದೇ ಬರುತ್ತಿದ್ದುದರಿಂದ ಎಣಿಸಬೇಕೆಂದು ನಮ್ಮಲ್ಲಿ ಯಾರಿಗೂ ಹೊಳೆದಿರಲಿಲ್ಲ ಎನ್ನುವುದನ್ನೂ ಹೇಳಿಬಿಡಬೇಕು. ನನ್ನ ಎಡ ಮಂಡಿ ಹೋಯಿತು. ಕೆಂಪಕ್ಕನ ಕತ್ತು ಹೋಯಿತು, ನೇರ ಮುಂದಕ್ಕೆ ನೋಡುವುದು ಬಿಟ್ಟರೆ ಅತ್ತಿತ್ತ ತಿರುಗದು. ಹಯಾತ್ ಸಾಬರದು ಬಲಗೈ, ಮಣಿಕಟ್ಟಿನಿಂದ ಬೆರಳ ತುದಿಯವರೆಗೂ. ಮಂಡಿ ಇಲ್ಲದೆ ನಾನು ಕೂತು ಪಂಕ್ಚರ್ ಹಾಕಿಯೇನು. ಕತ್ತು ತಿರುಗದಿದ್ದರೂ ಕೆಂಪಕ್ಕನ ದೋಸೆ ಕಾವಲಿಯ ಮೇಲೆ ತಿರುಗುತ್ತದೆ. ದರ್ಜಿಗೆ ಬಲಗೈ ಇಲ್ಲದಿದ್ದರೆ ಏನುಳಿಯಿತು? ಸಾಬರು ಆ ದಿನ ಅಂಗಡಿಗೆ ಹೋಗಿ ಮಿಷಿನ್ನಿಗೆ ಬಟ್ಟೆ ಹೊದಿಸಿ ಬಂದರು.

ಚಾವಡಿಯಲ್ಲಿ ಸಭೆ ಸೇರಿತು. ಗುರುಶಾಂತಪ್ಪನವರಿಗೆ ಉಬ್ಬಸ, ಎರಡು ಮಾತಿಗೊಮ್ಮೆ ನಿಂತು ಉಸಿರೆಳೆದುಕೊಳ್ಳುತ್ತಾರೆ. ಹಾಗಾಗಿ ಅವರ ಬೈಗುಳಕ್ಕೂ ಒಂದು ಗಾಂಭೀರ್ಯವಿದೆ.

"ನೋಡಮ್ಮ, ನಿನ್ನ ಮೇಲೆ ನಂಗೇನು ದ್ವೇಷ ಇಲ್ಲ," ಎಂದರು. "ಆದ್ರೆ ಮುಂದಿನ ಸಲ ಕೋಣನೇ ಆಗ್ಲಿ. ನಿಮ್ಮತ್ತೆ ಮಾಡಿದ್ದು ಕೋಣ, ಅವರಮ್ಮ ಮಾಡಿದ್ದೂ ಕೋಣ. ನಿನ್ ಕೈಲಾಗಲ್ಲ ಅಂದ್ರೆ ನಾನೇ ಮಾಡ್ತೀನಿ, ತಮಟೆನೂ ನಾನೇ ಹೊಡೀತೀನಿ."

ಇಂದುಮತಿ ಕೆಳತುಟಿ ಕಚ್ಚಿಕೊಂಡಳು. "ಕೋಣ ಒಂದೇ ಏಟಿಗೆ ಬೀದಿ ಅರ್ಧ ಬಂದುಬಿಡುತ್ತೆ ದೊಡ್ಡಪ್ಪ. ಪಂಚಾಕ್ಷರಣ್ಣ ಪಕ್ಕಕ್ಕೆ ಹೋಗೋಕಾಗಲ್ಲ. ಒಬ್ಬರಿಗೆ ಮುಟ್ಟಿದ್ರೂ ಮೂರು ಜನದ್ದೂ ಹೋಯ್ತು."

"ಹಂಗಾದ್ರೆ ಏನ್ಮಾಡ್ತೀಯ?"

"ಗೊತ್ತಿಲ್ಲ," ಎಂದಳು. "ಅವರು ಮೂವರನ್ನೇ ಕೇಳ್ತೀನಿ."

ಆ ಉತ್ತರ ಯಾರಿಗೂ ಸಮಾಧಾನ ತರಲಿಲ್ಲ, ನನಗಂತೂ ಮೊದಲೇ ಇಲ್ಲ. ಆದರೆ ಹಯಾತ್ ಸಾಬರು ಎದ್ದು, "ಇನ್ನೊಂದು ಸಲ ಹುಡುಗಿಗೇ ಬಿಡಿ," ಎಂದರು. ಕೈ ಕಳೆದುಕೊಂಡವರೇ ಹಾಗೆ ಹೇಳಿದ ಮೇಲೆ ಮಿಕ್ಕವರು ಬಾಯಿ ಮುಚ್ಚಿಕೊಳ್ಳಬೇಕಾಯಿತು.

ಮಾರನೆಯ ದಿನವೇ ಇಂದುಮತಿ ನನ್ನ ಶಾಪಿಗೆ ಬಂದಳು. ಬೆಂಚಿನ ಮೇಲೆ ಕೂತು, "ಪಂಚಾಕ್ಷರಣ್ಣ, ಆ ಪಂಪಿನ ಹತ್ರ ಹೋಗಿ ಬನ್ನಿ," ಎಂದು ಬೆರಳಿನಿಂದ ಬೆಂಚು ತಟ್ಟತೊಡಗಿದಳು. ಮಂಡಿ ಎಳೆದುಕೊಂಡು ಹೋದೆ. ಬಂದೆ. ಮತ್ತೆ ಕಳಿಸಿದಳು.

"ನಿಮಗೆ ಒಂದು ಹೆಜ್ಜೆಗೆ ಎರಡು ಏಟು ಬೇಕು," ಎಂದಳು.

"ಇದನ್ನ ಹೇಳೋಕೆ ನನ್ನ ಇಷ್ಟು ಸಲ ಕುಣಿಸಿದ್ಯಾ? ಕೇಳಿದ್ರೆ ನಾನೇ ಹೇಳ್ತಿದ್ದೆ."

"ನೀವು ಒಂದೇ ಅಂತ ಹೇಳ್ತಿದ್ರಿ."

ಹೌದು, ಹಾಗೇ ಹೇಳುತ್ತಿದ್ದೆ. ಗಂಡಸಿನ ಜಂಬ ಮಂಡಿಯಲ್ಲಿ ಇರುವುದಿಲ್ಲವಲ್ಲ, ಅದಕ್ಕೇನೂ ಪೆಟ್ಟಾಗಿರಲಿಲ್ಲ.

ಅಲ್ಲಿಂದ ಅವಳು ಕೆಂಪಕ್ಕನ ಹೋಟೆಲಿಗೆ ಹೋಗಿ, ಕಾವಲಿಯ ಮುಂದೆ ನಿಂತ ಆಕೆ ಎಷ್ಟು ಹೊತ್ತು ರೆಪ್ಪೆ ಮಿಟುಕಿಸದೆ ಇರುತ್ತಾಳೆಂದು ನೋಡಿದಳು. ಹೊಗೆಯಲ್ಲೇ ಬದುಕಿದ ಕಣ್ಣು, ಅದು ಸುಮ್ಮಸುಮ್ಮನೆ ಮಿಟುಕುವುದಿಲ್ಲ. ಹಯಾತ್ ಸಾಬರ ಅಂಗಡಿಯಲ್ಲಿ ಮಿಷಿನ್ನಿನ ಹೊದಿಕೆ ತೆಗೆಸಿ, ಹಳೆಯ ಕುಪ್ಪಸವೊಂದನ್ನು ಕೊಟ್ಟು, ಎಡಗೈಯಲ್ಲಿ ಹೊಲಿಗೆ ಬಿಚ್ಚಿಸಿದಳು. ಆಮೇಲೆ ನಮ್ಮ ಮೂವರನ್ನೂ ದಿನಾ ಮಧ್ಯಾಹ್ನ ಚಾವಡಿಗೆ ಕರೆಯತೊಡಗಿದಳು. ಕಲ್ಲುಮೇಜಿನ ಮೇಲೆ ಸೀಮೆಸುಣ್ಣದಲ್ಲಿ ಪೇಟೆಬೀದಿಯನ್ನು ಮನೆಮನೆಯಾಗಿ ಬರೆದಿದ್ದಳು. ಮೂರು ಹುಣಸೆಬೀಜ ನಾವು, ಒಂದು ಗೋಟಡಿಕೆ ಮೃಗ. ಬೆರಳಿನಿಂದ ಮೇಜನ್ನು ಒಮ್ಮೆ ತಟ್ಟಿ ಗೋಟಡಿಕೆಯನ್ನು ಸರಿಸುವಳು. ನಮ್ಮ ಮುಖ ನೋಡಿ, "ಈಗ ನೀವೇನ್ ಮಾಡ್ತೀರಾ?" ಎಂದು ಕೇಳುವಳು.

ಮೊದಲ ದಿನ ನಮಗೆ ನಗು. ಈ ವಯಸ್ಸಿನಲ್ಲಿ ಹುಣಸೆಬೀಜದಾಟ ಎಂದು ನನ್ನ ಹೆಂಡತಿಯೂ ಆಡಿಕೊಂಡಳು. ಎರಡು ದಿನ ಕಳೆಯುವಷ್ಟರಲ್ಲಿ ನಾವು ಗಿರಾಕಿಗಳನ್ನು ಕಾಯಿಸಿ ಅಲ್ಲಿಗೆ ಓಡುತ್ತಿದ್ದೆವು, ನಾನು ಓಡುವುದೆಂದರೆ ಕುಂಟುವುದು ಅಂದುಕೊಳ್ಳಿ. ಕೆಂಪಕ್ಕ ಸೋತಾಗಲೆಲ್ಲ ಬೀಜ ಎತ್ತಿ ಮೇಜಿಗೆ ಕುಕ್ಕುತ್ತಿದ್ದಳು. ಸಾಬರು ಮಾತ್ರ ತಮ್ಮ ಬೀಜವನ್ನು ಎಡಗೈಯಿಂದ ಮೆಲ್ಲಗೆ ಸರಿಸುತ್ತಿದ್ದರು. ಒಂದು ದಿನ ಮರೆತು ಬಲಗೈ ಚಾಚಿದರು. ಮಣ್ಣಿನ ಬೆರಳು ಕಲ್ಲಿಗೆ ತಾಗಿ ಟಕ್ಕೆಂದಿತು. ಇಂದುಮತಿಯ ಕಣ್ಣಿನಲ್ಲಿ ನೀರು ತುಂಬಿತ್ತು, ಆದರೂ ಅವಳು ಮೇಜು ತಟ್ಟಿ ಆಟ ಮುಂದುವರಿಸಿದಳು.

ಮಂಕರಿ ಬಂದ ದಿನ ಅವಳು ಮಾಡಿದ್ದು ನಾವು ಯಾವತ್ತೂ ಕಂಡಿರದ ಪ್ರಾಣಿ. ಆನೆಯ ಕಾಲು, ಆಮೆಯ ಬೆನ್ನು, ಉದ್ದನೆಯ ಕತ್ತು. ಒಂದೇ ಮೃಗ, ಆದ್ದರಿಂದ ಏಟಿಗೆ ಒಂದೇ ಕೆಲಸ. ಮುಂಗಾಲಿಗೆ ಅವಳು ಎಷ್ಟು ಮಣ್ಣು ಮೆತ್ತಿದ್ದಳೆಂದರೆ ಅದನ್ನು ಎತ್ತಲು ಒಂದು ಏಟು, ಮುಂದಕ್ಕೆ ಚಾಚಲು ಒಂದು ಏಟು, ಊರಲು ಇನ್ನೊಂದು ಏಟು ಬೇಕು. ಎರಡು ಏಟಿಗೆ ಹೆಜ್ಜೆ ಇಡುವ ನನಗೆ ಒಂದು ಏಟು ಮಿಗುತ್ತದೆ. ಯಾರು ದಿಟ್ಟಿಸಿ ನೋಡುತ್ತಾರೋ ಅವರ ಕಡೆಗೇ ಅದರ ತಲೆ ನಿಲ್ಲುವಂತೆ ಕಣ್ಣುಗಳನ್ನು ಮುಂದಕ್ಕೆ ಕೂರಿಸಿದ್ದಳು. ಕತ್ತು ತಿರುಗದ ಕೆಂಪಕ್ಕನಿಗಿಂತ ದಿಟ್ಟಿಸುವವರು ಬೇಕೆ? ಕೈಗೆಟುಕುವಷ್ಟು ಜೋತುಬಿದ್ದ ಹೊಟ್ಟೆಯಡಿ ಸಾಬರ ಸೂಜಿಯಿಂದ ಕುಪ್ಪಸದ ಹೊಲಿಗೆಯಂಥ ಗೆರೆ ಎಳೆದು ನಾಲ್ಕು ಗಂಟು ಹಾಕಿದ್ದಳು. ಗಂಟು ಬಿಚ್ಚಿದರೆ ಮೃಗ ಬಿಚ್ಚಿಕೊಳ್ಳುತ್ತದೆ.

ಗುರುಶಾಂತಪ್ಪನವರು ಬಗ್ಗಿ ಎಲ್ಲವನ್ನೂ ನೋಡಿದರು. "ಇಷ್ಟೆಲ್ಲ ಅನುಕೂಲ ಮಾಡಿಕೊಟ್ರೆ ಪುಡಿ ಆಗುತ್ತೆ ಕಣಮ್ಮ. ನಮ್ಮಪ್ಪನ ಮೊಲ ನೆನಪಿದೆಯಲ್ಲ?"

"ಇದು ಕೂತು ಕಿವಿ ಕೆರ್ಕೊಳ್ಳಲ್ಲ ದೊಡ್ಡಪ್ಪ," ಎಂದಳು ಇಂದುಮತಿ.

ಬೆಳಿಗ್ಗೆ ಬೀದಿಯ ತುದಿಯಲ್ಲಿ ಅದು ನಿಂತಿದ್ದನ್ನು ನೋಡಿದಾಗ ಹುಣಸೆಬೀಜ, ಗೋಟಡಿಕೆ ಎಲ್ಲ ಮರೆತುಹೋಯಿತು. ಅಂಗಡಿಸಾಲಿನ ಬೋರ್ಡುಗಳಿಗಿಂತ ಎತ್ತರ. ಅದು ಕಾಲು ಊರಿದರೆ ಕೆಂಪಕ್ಕನ ಹೋಟೆಲಿನ ಲೋಟಗಳು ಒಂದಕ್ಕೊಂದು ತಾಗಿ ಸದ್ದು ಮಾಡುತ್ತಿದ್ದವು. ಇಂದುಮತಿ ಜಗಲಿಯ ಮೇಲೆ ನಿಂತು ತಮಟೆಗೆ ಮೊದಲ ಏಟು ಹಾಕಿದಳು. ಕೆಂಪಕ್ಕ ಹೆಜ್ಜೆ ಮುಂದಿಟ್ಟು ಅದರ ಕಣ್ಣಿಗೆ ಕಣ್ಣು ಕೂಡಿಸಿದಳು. ಬಾಕಿ ಇಟ್ಟು ತಪ್ಪಿಸಿಕೊಂಡು ತಿರುಗುವ ಗಿರಾಕಿಯನ್ನು ನೋಡುವ ನೋಟ ಅದು. ತಲೆ ಅವಳ ಮುಂದೆ ಇಳಿದು ಅಲ್ಲೇ ನಿಂತಿತು. ಕಾಲನ್ನು ನನ್ನ ಕಡೆಗೆ ಸೆಳೆಯುವುದು ನನ್ನ ಪಾಲಿನ ಕೆಲಸ. ಅದು ಎತ್ತಿತು, ನಾನು ಹೊರಟೆ. ಅದು ಚಾಚಿತು, ನಾನು ಹೆಜ್ಜೆ ಮುಗಿಸಿದೆ. ಊರಿತು, ನಾನು ಅಲ್ಲಿರಲಿಲ್ಲ. ಅಷ್ಟರಲ್ಲಿ ಹಯಾತ್ ಸಾಬರು ಹೊಟ್ಟೆಯಡಿಗೆ ನುಗ್ಗಿ ಮೊದಲ ಗಂಟು ಬಿಚ್ಚಿದ್ದರು. ಎರಡನೆಯದು, ಮೂರನೆಯದು ಕೂಡ ಬಿಚ್ಚಿಕೊಂಡವು. ಜಗಲಿಯ ಮೇಲೆ ಯಾರೋ ಸಿಳ್ಳೆ ಹಾಕಿದರು.

ನಾಲ್ಕನೆಯ ಗಂಟು ಎಡಗೈಗೆ ಬಗ್ಗಲಿಲ್ಲ. ಸಾಬರು ಜೋರಾಗಿ ಎಳೆದರು, ಕಾಲು ಜಾರಿ ಅಂಗಾತ ಬಿದ್ದರು. ಅದೇ ಏಟಿಗೆ ಮೃಗ ನನ್ನ ತಲೆಯ ಮೇಲೆ ಕಾಲೆತ್ತಿತು. ಮುಂದಿನ ಏಟಿಗೆ ನಾನು ಪಕ್ಕಕ್ಕೆ ಹೊರಡಬೇಕಿತ್ತು. ಮೇಜಿನ ಮೇಲೆ ಅದನ್ನು ಎಷ್ಟು ಸಲ ಆಡಿದ್ದೆ! ಹೊರಡಲಿಲ್ಲ. ಬಿದ್ದವರ ಕಡೆಗೆ ಗಳ ಚಾಚಿದೆ, ಅವರು ಅದನ್ನು ಹಿಡಿದು ಎದ್ದು ಮಂಡಿಯೂರಿ ಕೂತರು. ಮೃಗದ ಕಾಲು ಚಾಚಿ ನಿಂತಿತು. ಇನ್ನುಳಿದದ್ದು ಒಂದು ಏಟು. ನನ್ನ ಹೆಜ್ಜೆಗೆ ಬೇಕಾದದ್ದು ಎರಡು.

ಏಟು ಬೀಳಲಿಲ್ಲ. ಇಂದುಮತಿ ಕೋಲು ಎತ್ತಿದವಳು ಹಾಗೇ ಹಿಡಿದಿದ್ದಳು.

"ಹೊಡಿಯಮ್ಮ," ಎಂದರು ಗುರುಶಾಂತಪ್ಪನವರು ಏದುಸಿರಿನಲ್ಲಿ. "ತಮಟೆ ನಿಲ್ಸೋ ಪದ್ಧತಿ ಇಲ್ಲ."

"ನಿಲ್ಸಿಲ್ಲ ದೊಡ್ಡಪ್ಪ. ಇನ್ನೂ ಹೊಡೆದಿಲ್ಲ ಅಷ್ಟೇ." ಅವಳು ನಮ್ಮ ಕಡೆ ನೋಡಿದಳು. ಮಧ್ಯಾಹ್ನದ ಚಾವಡಿಯಲ್ಲಿ ಕೇಳುತ್ತಿದ್ದ ಅದೇ ದನಿಯಲ್ಲಿ ಕೇಳಿದಳು: "ಈಗ ನೀವೇನ್ ಮಾಡ್ತೀರಾ?"

ಎರಡು ಏಟುಗಳ ನಡುವೆ ಕೈಕಾಲು ಆಡುವುದಿಲ್ಲ, ಬಾಯಿ ಆಡುತ್ತದೆ. ಇದು ಎಲ್ಲರಿಗೂ ಗೊತ್ತಿದ್ದದ್ದೇ. ನಾವೆಲ್ಲ ಆ ಬಾಯಿಯನ್ನು ಅಯ್ಯೋ ಅಪ್ಪಾ ಎನ್ನುವುದಕ್ಕೆ ಮಾತ್ರ ಬಳಸಿಕೊಂಡು ಬಂದಿದ್ದೆವು.

"ಕೆಂಪಕ್ಕ, ನೀವು ಹೋಗಿ ಪಂಚಾಕ್ಷರಿನ ಎಳ್ಕೊಂಡುಬಿಡಿ," ಎಂದರು ಹಯಾತ್ ಸಾಬರು.

"ನಾನು ಕಣ್ಣು ತೆಗೆದ್ರೆ ಇದು ತಲೆ ತಿರುಗಿಸಿ ನಿಮ್ಮನ್ನೇ ಕಚ್ಚುತ್ತೆ," ಎಂದಳು ಕೆಂಪಕ್ಕ, ಮೃಗವನ್ನೇ ದಿಟ್ಟಿಸುತ್ತ.

"ಕಚ್ಚಿದ್ರೆ ಕಚ್ಚಲಿ."

"ಕಚ್ಚಿದ್ರೆ ಮೂರು ಜನದ್ದೂ ಹೋಯ್ತು ಸಾಬ್ರೇ," ಎಂದೆ ನಾನು. "ನಿಮ್ಮ ಕೈನೂ ಹೋಯ್ತು." ಆ ಕೈ ನನ್ನ ಮದುವೆಯ ಅಂಗಿ ಹೊಲಿದಿತ್ತು. ಅದು ಹೋಗುವುದು ನನ್ನಿಂದಲೇ ಎನ್ನುವುದನ್ನು ತಡೆದುಕೊಳ್ಳುವುದು ನನ್ನಿಂದ ಆಗುತ್ತಿರಲಿಲ್ಲ.

ಇಂದುಮತಿಯ ಎತ್ತಿದ ತೋಳು ನಡುಗತೊಡಗಿತು.

"ಪಂಚಾಕ್ಷರಿ," ಎಂದಳು ಕೆಂಪಕ್ಕ. "ಸೈಕಲ್ ರಿಪೇರಿ ಮಾಡೋವಾಗ ಅದನ್ನ ಕೈಯಲ್ಲಿ ಎತ್ತಿ ಹಿಡ್ಕೊಂಡಿರ್ತೀಯಾ?"

"ಯಾಕೆ ಹಿಡ್ಕೊಳ್ಳಲಿ? ಸ್ಟ್ಯಾಂಡ್ ಹಾಕ್ತೀನಿ."

"ಹಾಕು ಮತ್ತೆ."

ನಾನು ಕೈಯಲ್ಲಿದ್ದ ಗಳವನ್ನು ನೋಡಿದೆ. ಮೇಲಿದ್ದ ಪಾದವನ್ನು ನೋಡಿದೆ. "ಇಂದುಮತಿ, ಪಾದಕ್ಕೆ ಎಂಥ ಮಣ್ಣು ಹಾಕಿದೀಯ?"

"ಗಟ್ಟಿ ಮಣ್ಣು ಅಣ್ಣ. ಗಳ ಒಳಗೆ ಹೋಗಲ್ಲ." ಅವಳ ಮುಖ ಅರಳಿತು. "ಇದು ನಂಗೆ ಹೊಳೆದೇ ಇರಲಿಲ್ಲ."

"ಆದ್ರೆ ಗಂಟು?" ಎಂದೆ. "ಸಾಬ್ರಿಗೆ ಒಂದೇ ಏಟು. ಗಳ ಎರಡನೇದಕ್ಕೆ ತಡೆಯಲ್ಲ."

ಹಯಾತ್ ಸಾಬರು ಮೇಲಿನ ಗಂಟನ್ನೇ ನೋಡುತ್ತಿದ್ದರು. ಅವರ ಗಡ್ಡದೊಳಗೆ ನಗು ಕಾಣಿಸಿಕೊಂಡಿತು. "ಕತ್ತರಿ ಸಿಗದೆ ಇದ್ದಾಗ ದರ್ಜಿ ಏನ್ ಮಾಡ್ತಾನೆ? ನಾನೂ ಒಬ್ಬ ಪೆದ್ದ. ಹೊಡಿಯಮ್ಮ."

ಇಂದುಮತಿ ಹೊಡೆದಳು. ನಾನು ಗಳವನ್ನು ನೆಟ್ಟಗೆ ನಿಲ್ಲಿಸಿದೆ. ಪಾದ ಅದರ ಮೇಲೆ ಇಳಿಯಿತು. ಬಿದಿರು ಬಾಗಿತು, ಲಟಲಟ ಎಂದಿತು, ನನ್ನ ನೆತ್ತಿಗೆ ಗೇಣಷ್ಟು ಮೇಲೆ ಪಾದ ತಡೆದು ನಿಂತಿತು. ಅದೇ ಏಟಿಗೆ ಸಾಬರು ಕತ್ತು ಚಾಚಿ ನಾಲ್ಕನೆಯ ಗಂಟನ್ನು ಹಲ್ಲಿನಿಂದ ಕಚ್ಚಿ ಕಿತ್ತರು. ಹೊಲಿಗೆ ಗಂಟಲಿಂದ ಬಾಲದವರೆಗೆ ಸರ್ರನೆ ಬಿಚ್ಚಿಕೊಂಡಿತು. ಮನೆಯೆತ್ತರದ ಮೃಗ ಒಂದೇ ಸಲಕ್ಕೆ ನಮ್ಮ ಮೂವರ ಮೇಲೆ ಕುಸಿಯಿತು.

ಮೃಗ ಬಿದ್ದ ಮೇಲೂ ಕೊನೆಯದೊಂದು ಏಟು ಹಾಕುವ ತನಕ ಬೀದಿಯಲ್ಲಿದ್ದವರು ಅಲುಗಾಡುವಂತಿಲ್ಲ. ಮಣ್ಣು ನನ್ನ ಕುತ್ತಿಗೆಯವರೆಗೂ ಬಂದಿತ್ತು. ಎಲ್ಲ ಕಡೆ ದೂಳೆದ್ದಿತ್ತು. ಆ ದೂಳನ್ನು ನೋಡಿ ಜಗಲಿಯ ಜನ ಪುಡಿ, ಪುಡಿ ಎಂದು ಪಿಸುಗುಟ್ಟಿದರು. ಇಂದುಮತಿ ಕೋಲು ಹಿಡಿದು ನಿಂತೇ ಇದ್ದಳು. ಹೊಡೆದರೆ ಗೊತ್ತಾಗಿಬಿಡುತ್ತದೆ, ಹೊಡೆಯುವ ತನಕ ಸೋತಿಲ್ಲ. ಅವಳ ಹೆದರಿಕೆ ನನಗೆ ಅರ್ಥವಾಯಿತು. ನನಗೂ ಅಷ್ಟೇ ಹೆದರಿಕೆಯಾಗಿತ್ತು. ಹಯಾತ್ ಸಾಬರು ಎಲ್ಲೂ ಕಾಣುತ್ತಿರಲಿಲ್ಲ, ರಾಶಿಯೊಳಗೆ ಹೂತುಹೋಗಿದ್ದರು.

"ಹೊಡಿ ಮಗಾ," ಎಂದರು ಗುರುಶಾಂತಪ್ಪನವರು. ಮೊದಲಿನ ಗದರಿಕೆ ಆ ದನಿಯಲ್ಲಿ ಇರಲಿಲ್ಲ. "ಅವರಿಗೆ ಉಸಿರು ಬೇಕು."

ಏಟು ಬಿತ್ತು. ಆ ಒಂದು ಏಟಿಗೆ ನಮಗೆ ಒಂದೊಂದೇ ಕೆಲಸ. ನಾನು ಎಡಗಾಲು ಮಡಿಸಿ ಎತ್ತಿ ಒಂದು ಹೆಜ್ಜೆ ಇಟ್ಟೆ, ಒಂದೇ ಏಟಿಗೆ ಒಂದು ಪೂರ್ತಿ ಹೆಜ್ಜೆ. ಕೆಂಪಕ್ಕ ಕತ್ತು ತಿರುಗಿಸಿ ಇಂದುಮತಿಯ ಕಡೆ ನೋಡಿದಳು. ಮಣ್ಣಿನ ರಾಶಿಯನ್ನು ಸೀಳಿಕೊಂಡು ಹಯಾತ್ ಸಾಬರ ಬಲಗೈ ಮೇಲೆ ಬಂತು. ಹಸಿಮಣ್ಣು ಮೊಣಕೈಯಿಂದ ಇಳಿದು ಸುರಿಯುತ್ತಿತ್ತು, ಐದು ಬೆರಳೂ ಬಿಚ್ಚಿಕೊಂಡಿದ್ದವು. ಇಂದುಮತಿ ಕೋಲನ್ನು ಕೆಳಗಿಟ್ಟು ಜಗಲಿಯ ಮೇಲೇ ಕೂತು ಗಟ್ಟಿಯಾಗಿ ಅತ್ತಳು. ಅವಳನ್ನು ಸಮಾಧಾನ ಮಾಡಲು ಹೋದ ಕೆಂಪಕ್ಕ ಅವಳಿಗಿಂತ ಜೋರಾಗಿ ಅತ್ತಳು. ನಾನು ಅಳಲಿಲ್ಲ ಎಂದು ಹೇಳಬಹುದು, ಆದರೆ ನೋಡಿದವರು ಬಹಳ ಜನ ಇದ್ದಾರೆ.

ಮುಂದಿನ ಅಮಾವಾಸ್ಯೆಯ ಸರದಿಯಲ್ಲಿ ಮೊದಲನೆಯ ಹೆಸರು ಗುರುಶಾಂತಪ್ಪನವರದೇ. ಅವರು ಎರಡು ದಿನ ಬಿಗುಮಾನದಲ್ಲಿ ಮನೆಯಲ್ಲೇ ಇದ್ದರು. ಮೂರನೆಯ ದಿನ ಮಧ್ಯಾಹ್ನ ಕೋಲೂರಿಕೊಂಡು ಚಾವಡಿಯ ಮೆಟ್ಟಿಲು ಹತ್ತಿ, ಏದುಸಿರು ಬಿಡುತ್ತ ಕಲ್ಲುಮೇಜಿನ ಮುಂದೆ ಬಂದು ನಿಂತರು. ಇಂದುಮತಿ ಸೀಮೆಸುಣ್ಣದ ಬೀದಿಯಲ್ಲಿ ಒಂದು ಹುಣಸೆಬೀಜ ಇಟ್ಟು, ಅದರೆದುರು ಗೋಟಡಿಕೆ ಇಟ್ಟಳು.

"ಈಗ ನೀವೇನ್ ಮಾಡ್ತೀರಾ ದೊಡ್ಡಪ್ಪ?"

ಅವರು ಬೀಜವನ್ನು ನೋಡಿದರು, ಗೋಟಡಿಕೆಯನ್ನು ನೋಡಿದರು, ಪಕ್ಕದಲ್ಲಿದ್ದ ಬೆಂಚನ್ನೂ ನೋಡಿದರು.

"ಮೊದ್ಲು ಸ್ವಲ್ಪ ಕೂತ್ಕೋತೀನಿ ಕಣಮ್ಮ," ಎಂದರು.

"ಅದೂ ಒಂದು ಕೆಲಸನೇ," ಎಂದಳು ಇಂದುಮತಿ, ಮತ್ತು ಅವರು ಕೂರುವ ತನಕ ಕಾದು, ಮೇಜನ್ನು ಒಂದು ಸಲ ತಟ್ಟಿದಳು.